ಅಳತೆಗೋಲನ್ನು ಅಳೆದವರು: ಅನ್ನಾ ಮಣಿಯವರ ಜೀವನ

ನಮ್ಮ ಶಾಲೆಯ ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ವಿಜ್ಞಾನಿಯ ಜೀವನವೃತ್ತಾಂತವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ವಿಜ್ಞಾನ ವಿಭಾಗದ ಶಿಕ್ಷಕರಾದ ನಮಗೆ ಮೊದಲು ನೆನಪಾದ ಹೆಸರುಗಳು ಎಲ್ಲರೂ ಊಹಿಸಬಹುದಾದವೇ ಆಗಿದ್ದವು. ಸರ್ ಸಿ. ವಿ. ರಾಮನ್, ಸರ್ ಎಂ. ವಿಶ್ವೇಶ್ವರಯ್ಯ, ಜಗದೀಶಚಂದ್ರ ಬೋಸ್. ಇವರ ಭಾವಚಿತ್ರಗಳು ಪ್ರಯೋಗಾಲಯದ ಗೋಡೆಯ ಮೇಲೆ ಹಲವು ವರ್ಷಗಳಿಂದ ಇವೆ. ಇವರನ್ನು ಕುರಿತು ನಮ್ಮ ಮಕ್ಕಳು ಭಾಷಣ ಸ್ಪರ್ಧೆಗಳಲ್ಲಿ ಬಾಯಿಪಾಠ ಒಪ್ಪಿಸುತ್ತಲೂ ಬಂದಿದ್ದಾರೆ. ನಾವು ಆರಿಸಿಕೊಂಡದ್ದು ಆ ಗೋಡೆಯ ಮೇಲೆ ಇಲ್ಲದ ಒಬ್ಬರನ್ನು. ಹವಾಮಾನ ವಿಜ್ಞಾನ ಬಲ್ಲವರೆಲ್ಲರಿಗೂ ಪರಿಚಿತರಾದ, ರಾಮನ್‌ರ ಶಿಷ್ಯೆಯೇ ಆದ ಅನ್ನಾ ಮಣಿ ಅವರನ್ನು.

ಕಾರಣವನ್ನು ಹೇಳಬೇಕಾದರೆ ನಮ್ಮ ಬೇಸಿಗೆಯಿಂದಲೇ ತೊಡಗಬೇಕು. ಮೇ ತಿಂಗಳಲ್ಲಿ ಸೊಲ್ಲಾಪುರದ ಉಷ್ಣತೆ 42, 43 ಡಿಗ್ರಿಗೆ ಏರಿತೆಂಬ ಸುದ್ದಿ ಸಂಜೆಯ ಹೊತ್ತಿಗೆ ಮನೆಮನೆಗೆ ತಲುಪುತ್ತದೆ. ಆ ಅಂಕಿಯ ಮೇಲೆ ಕಟ್ಟೆಯಲ್ಲಿ ಚರ್ಚೆ ನಡೆಯುತ್ತದೆ. ಶಾಲೆಯ ವೇಳೆ ಬದಲಾಗುತ್ತದೆ. ಅಕ್ಕಲಕೋಟೆ ತಾಲೂಕಿನ ನಮ್ಮ ಪಾಲಕರಲ್ಲಿ ದ್ರಾಕ್ಷಿ, ದಾಳಿಂಬೆ ಬೆಳೆಯುವವರಿಗಂತೂ ಅದು ಬರಿಯ ಸುದ್ದಿಯಲ್ಲ. ಹವಾಮಾನ ಆಧಾರಿತ ಹಣ್ಣುಬೆಳೆ ವಿಮೆಯಲ್ಲಿ ಪರಿಹಾರ ಸಿಗುವುದೋ ಇಲ್ಲವೋ ಎಂಬುದು ತೋಟದಲ್ಲಿ ಉದುರಿದ ಹೂವನ್ನು ನೋಡಿ ತೀರ್ಮಾನವಾಗುವುದಿಲ್ಲ. ನಿಗದಿಪಡಿಸಿದ ಹವಾಮಾನ ಕೇಂದ್ರದ ಯಂತ್ರ ಯಾವ ಮಳೆಯನ್ನು, ಯಾವ ಉಷ್ಣತೆಯನ್ನು ದಾಖಲಿಸಿತು ಎಂಬುದರ ಮೇಲೆ ತೀರ್ಮಾನವಾಗುತ್ತದೆ. ಅರ್ಧ ಡಿಗ್ರಿಯ ವ್ಯತ್ಯಾಸದಲ್ಲಿ ಒಂದು ಕುಟುಂಬದ ವರ್ಷದ ಲೆಕ್ಕವೇ ತಲೆಕೆಳಗಾಗಬಹುದು. ಹಾಗಾದರೆ ಆ ಯಂತ್ರ ಹೇಳುವುದು ನಿಜವೆಂದು ಹೇಳುವವರು ಯಾರು? ತಕ್ಕಡಿಗೆ ಮುದ್ರೆ ಒತ್ತುವವರಿದ್ದಂತೆ ಉಷ್ಣಮಾಪಕಕ್ಕೆ ಯಾರಿದ್ದಾರೆ? ಸ್ವತಂತ್ರ ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಕಟ್ಟಿಕೊಟ್ಟವರಲ್ಲಿ ಅನ್ನಾ ಮಣಿಯವರು ಅಗ್ರಗಣ್ಯರು. ಆ ಕೆಲಸದ ಬಹುಪಾಲನ್ನು ಅವರು ಮಾಡಿದ್ದು ನಮ್ಮಿಂದ ಒಂದು ರೈಲುಪ್ರಯಾಣದಷ್ಟೇ ದೂರದ ಪುಣೆಯಲ್ಲಿ.

ಅನ್ನಾ ಮೊಡಯಿಲ್ ಮಣಿಯವರು 1918ರ ಆಗಸ್ಟ್ 23ರಂದು ತಿರುವಾಂಕೂರು ಸಂಸ್ಥಾನದ ಪೀರುಮೇಡುವಿನಲ್ಲಿ ಜನಿಸಿದರು. ಅದು ಇಂದಿನ ಕೇರಳದ ಗಟ್ಟದ ಮೇಲಿನ ಊರು, ಏಲಕ್ಕಿ ತೋಟಗಳ ಸೀಮೆ. ತಂದೆ ಸಿವಿಲ್ ಇಂಜಿನಿಯರರು, ತೋಟಗಳ ಒಡೆಯರು. ಸಿರಿಯನ್ ಕ್ರೈಸ್ತ ಮನೆತನದವರಾದರೂ, ಪ್ರಮಾಣವಿಲ್ಲದ ಮಾತನ್ನು ಒಪ್ಪಬೇಡಿರೆಂದು ಮಕ್ಕಳಿಗೆ ಕಲಿಸುತ್ತಿದ್ದವರು. ಎಂಟು ಮಕ್ಕಳಲ್ಲಿ ಅನ್ನಾ ಏಳನೆಯವರು. ಗಂಡುಮಕ್ಕಳು ದೊಡ್ಡ ಹುದ್ದೆಗೆ, ಹೆಣ್ಣುಮಕ್ಕಳು ಮದುವೆಗೆ ಎಂಬುದು ಆ ಮನೆಯಲ್ಲಿಯೂ ಒಪ್ಪಿತವಾದ ಮಾತಾಗಿತ್ತು. ಹುಡುಗಿಯಾದರೋ ಎಂಟು ವರ್ಷ ತುಂಬುವಷ್ಟರಲ್ಲಿ ಊರ ಗ್ರಂಥಾಲಯದ ಮಲಯಾಳ ಪುಸ್ತಕಗಳನ್ನು ಬಹುಮಟ್ಟಿಗೆ ಓದಿ ಮುಗಿಸಿದ್ದಳು. ಎಂಟನೆಯ ಹುಟ್ಟುಹಬ್ಬಕ್ಕೆ ವಾಡಿಕೆಯಂತೆ ವಜ್ರದ ಓಲೆಗಳನ್ನು ಕೊಡಬಂದಾಗ ಅವನ್ನು ಬೇಡವೆಂದು, ಬದಲಿಗೆ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ ಸಂಪುಟಗಳನ್ನು ಕೇಳಿದಳು. ಮುಂದೆ ಇದೇ ಹುಡುಗಿ ಐದು ವರ್ಷ ವಜ್ರಗಳ ನಡುವೆಯೇ ಕಳೆಯುವಳೆಂದು ಆ ಮನೆಯವರು ಹೇಗೆ ಎಣಿಸಿಯಾರು! 1925ರಲ್ಲಿ ವೈಕಂ ಸತ್ಯಾಗ್ರಹದ ನಿಮಿತ್ತ ಗಾಂಧೀಜಿ ತಿರುವಾಂಕೂರಿಗೆ ಬಂದರು. ಅದರ ಪ್ರಭಾವದಿಂದ ಅವರು ಖಾದಿಯನ್ನು ತೊಟ್ಟರು. ಅಕ್ಕಂದಿರು ಹದಿಹರೆಯ ದಾಟುತ್ತಲೇ ಮದುವೆಯಾಗಿ ಹೋದರು, ಅನ್ನಾ ಓದುವೆನೆಂದರು. ಮನೆಯವರು ತಡೆಯಲಿಲ್ಲ, ಹುರಿದುಂಬಿಸಲೂ ಇಲ್ಲ.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಪದವಿ ಪಡೆದ ಮೇಲೆ, 1940ರಲ್ಲಿ ಅವರು ವಿದ್ಯಾರ್ಥಿವೇತನದ ಆಧಾರದಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುತ್ತಿದ್ದ ವಿದ್ಯಾಮಂದಿರಕ್ಕೆ ಬಂದರು. ಆ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದು ಹೆಚ್ಚು ಕಾಲವಾಗಿರಲಿಲ್ಲ. 1933ರಲ್ಲಿ ಕಮಲಾ ಭಾಗವತ್ ಅವರಿಗೆ (ಮುಂದೆ ಕಮಲಾ ಸೋಹೋನಿ ಎಂದು ಮಹಾರಾಷ್ಟ್ರಕ್ಕೆಲ್ಲ ಪರಿಚಿತರಾದವರು) ರಾಮನ್ ಮೊದಲು ಪ್ರವೇಶ ನಿರಾಕರಿಸಿ, ಅವರು ಹಟ ಹಿಡಿದು ನಿಂತ ಮೇಲೆ ಷರತ್ತುಗಳೊಡನೆ ಒಪ್ಪಿದ್ದರು. ಅನ್ನಾ ಬರುವ ಹೊತ್ತಿಗೆ ರಾಮನ್‌ರ ಪ್ರಯೋಗಾಲಯದಲ್ಲಿ ಬೆರಳೆಣಿಕೆಯ ವಿದ್ಯಾರ್ಥಿನಿಯರಿದ್ದರು. ಗಂಡು ಹೆಣ್ಣುಗಳು ಪರಸ್ಪರ ಮಾತಾಡುವುದನ್ನು ಗುರುಗಳು ಒಪ್ಪುತ್ತಿರಲಿಲ್ಲ. ಉಪಕರಣವನ್ನು ಹಿಡಿಯುವಲ್ಲಿ ಹುಡುಗಿಯೊಬ್ಬಳಿಂದ ಸಣ್ಣ ತಪ್ಪಾದರೂ ಅದು ಹೆಣ್ಣಿನ ಅಸಾಮರ್ಥ್ಯಕ್ಕೆ ಸಾಕ್ಷಿಯಾಗುತ್ತಿತ್ತು. ರಾಮನ್‌ರನ್ನು ನಾವು ಗೌರವಿಸುತ್ತೇವೆ. ಆದರೂ ಇದನ್ನು ಬರೆಯದೆ ಬಿಡುವುದು ಸರಿಯೆನಿಸಲಿಲ್ಲ.

ಅವರಿಗೆ ದೊರೆತ ವಿಷಯ ವಜ್ರ ಮತ್ತು ಮಾಣಿಕ್ಯಗಳ ಬೆಳಕು. ರಾಮನ್‌ರ ಬಳಿ ಸುಮಾರು 300 ವಜ್ರಗಳ ಸಂಗ್ರಹವಿತ್ತು. ಕೆಲವು ವಜ್ರಗಳು ತಮ್ಮ ಮೇಲೆ ಬಿದ್ದ ಬೆಳಕನ್ನು ಹೀರಿ ಬೇರೊಂದು ಬಣ್ಣದಲ್ಲಿ ಮಂದವಾಗಿ ಹೊಳೆಯುತ್ತವೆ. ಆ ಹೊಳಪು ಉಷ್ಣತೆಯೊಡನೆ ಹೇಗೆ ಬದಲಾಗುತ್ತದೆ ಎಂಬುದನ್ನು ಅರಿಯಲು ಹರಳನ್ನು ದ್ರವೀಕರಿಸಿದ ಗಾಳಿಯ ಕಡುಶೈತ್ಯದಲ್ಲಿ ಇಡಬೇಕಿತ್ತು. ಹೊಳಪು ಎಷ್ಟು ಕ್ಷೀಣವೆಂದರೆ, ಅದರ ರೋಹಿತ ಛಾಯಾಚಿತ್ರದ ಫಲಕದ ಮೇಲೆ ಮೂಡಲು 15ರಿಂದ 20 ತಾಸು ಬೇಕಾಗುತ್ತಿತ್ತು. ಅಷ್ಟು ಹೊತ್ತೂ ಶೈತ್ಯ ಕದಲಬಾರದು, ಉಪಕರಣ ಅಲುಗಬಾರದು. ರಾತ್ರಿಗಳನ್ನು ಅವರು ಪ್ರಯೋಗಾಲಯದಲ್ಲಿಯೇ ಕಳೆದರು. ಉಷ್ಣತೆ ಸ್ಥಿರವಾಗಿಲ್ಲದಿದ್ದರೆ ಇಡೀ ರಾತ್ರಿಯ ಫಲಕ ನಿರರ್ಥಕ ಎಂಬ ಪಾಠ ಅವರಿಗೆ ದೊರೆತದ್ದು ಅಲ್ಲಿಯೇ ಎಂದು ನಾವು ತಿಳಿಯುತ್ತೇವೆ. 1942ರಿಂದ 1945ರ ನಡುವೆ ತಮ್ಮೊಬ್ಬರ ಹೆಸರಿನಲ್ಲಿಯೇ ಐದು ಸಂಶೋಧನಾ ಲೇಖನಗಳನ್ನು ಪ್ರಕಟಿಸಿ, 1945ರ ಆಗಸ್ಟ್‌ನಲ್ಲಿ ಪಿಎಚ್.ಡಿ. ಪದವಿಗಾಗಿ ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದರು. ಆ ಕಾಲದಲ್ಲಿ ಬೆಂಗಳೂರಿನ ಸಂಸ್ಥೆಯ ಸಂಶೋಧನೆಗೆ ಪದವಿ ನೀಡುತ್ತಿದ್ದುದು ಆ ವಿಶ್ವವಿದ್ಯಾಲಯವೇ.

ಪದವಿ ಬರಲಿಲ್ಲ. ಅಭ್ಯರ್ಥಿಗೆ ಎಂ.ಎಸ್ಸಿ. ಇಲ್ಲವೆಂಬುದು ಕೊಟ್ಟ ಕಾರಣ. ಆನರ್ಸ್ ಪದವೀಧರೆಯೆಂಬುದಾಗಲಿ, ಸಂಸ್ಥೆಯ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾಗಿದ್ದವರೆಂಬುದಾಗಲಿ, ಪ್ರಕಟವಾದ ಐದು ಲೇಖನಗಳಾಗಲಿ ಲೆಕ್ಕಕ್ಕೆ ಬರಲಿಲ್ಲ. ಅರ್ಜಿಯ ಒಂದು ಕಲಂ ಖಾಲಿಯಿತ್ತು, ಅಷ್ಟೆ. ಗಡಿನಾಡಿನ ಕನ್ನಡ ಶಾಲೆಯಲ್ಲಿ ಕಲಿತು ಮುಂದಿನ ಪ್ರವೇಶಕ್ಕಾಗಿ ಕಚೇರಿಯಿಂದ ಕಚೇರಿಗೆ ದಾಖಲೆ ಹೊತ್ತು ಅಲೆದ ನಮ್ಮ ಹಳೆಯ ವಿದ್ಯಾರ್ಥಿಗಳಿಗೆ ಈ ಖಾಲಿ ಕಲಮಿನ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅನ್ನಾ ಮಣಿಯವರು ಈ ಬಗ್ಗೆ ಕೊನೆಯವರೆಗೂ ಕಹಿಯಾಡಲಿಲ್ಲ. ಆ ಪದವಿ ಇಲ್ಲದ್ದರಿಂದ ತಮ್ಮ ಬದುಕಿಗೆ ಕೊರತೆಯೇನೂ ಆಗಲಿಲ್ಲವೆಂದೇ ಹೇಳುತ್ತಿದ್ದರು. ಅದು ಅವರ ದೊಡ್ಡತನ. ನಡೆದದ್ದು ಅನ್ಯಾಯವೆಂಬುದು ನಮ್ಮ ಅಭಿಪ್ರಾಯ.

ಅದೇ 1945ರಲ್ಲಿ ಸರಕಾರದ ವಿದ್ಯಾರ್ಥಿವೇತನ ದೊರೆತು, ಸೈನಿಕರನ್ನು ಒಯ್ಯುವ ಹಡಗೊಂದರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಪೇಕ್ಷಿಸಿದ್ದು ಭೌತಶಾಸ್ತ್ರದ ಸಂಶೋಧನೆ. ಲಭ್ಯವಿದ್ದದ್ದು ಹವಾಮಾನ ಉಪಕರಣಗಳ ತರಬೇತಿ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದು, ಉಪಕರಣಗಳನ್ನು ತಯಾರಿಸುವುದು, ಪರೀಕ್ಷಿಸುವುದು, ಒಂದರೊಡನೊಂದು ತಾಳೆ ನೋಡುವುದು ಇವನ್ನೆಲ್ಲ ಬುಡದಿಂದ ಕಲಿತರು. 1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗವನ್ನು ಸೇರಿದರು.

ಸ್ವಾತಂತ್ರ್ಯ ಬಂದಾಗ ನಮ್ಮ ದೇಶ ಸಾಮಾನ್ಯ ಉಷ್ಣಮಾಪಕ, ಮಳೆಮಾಪಕ, ವಾಯುಭಾರಮಾಪಕಗಳನ್ನು ಸಹ ಹೊರಗಿನಿಂದಲೇ ತರಿಸಿಕೊಳ್ಳುತ್ತಿತ್ತು. ಪುಣೆಯ ವಿಭಾಗದ ಮುಖ್ಯಸ್ಥರಾಗಿದ್ದ ಎಸ್. ಪಿ. ವೆಂಕಟೇಶ್ವರನ್ ಅವುಗಳನ್ನು ಇಲ್ಲಿಯೇ ತಯಾರಿಸುವ ಸಂಕಲ್ಪ ತೊಟ್ಟು ಕಾರ್ಯಶಾಲೆಯನ್ನು ಕಟ್ಟುತ್ತಿದ್ದರು. ಅನ್ನಾ ಮಣಿ ಅದಕ್ಕೆ ಹೆಗಲು ಕೊಟ್ಟರು. 1953ರಲ್ಲಿ ವಿಭಾಗದ ಹೊಣೆಯನ್ನೇ ಹೊತ್ತರು. ಅವರ ಕೈಕೆಳಗೆ 121 ಜನ ಗಂಡಸರಿದ್ದರು. ಸುಮಾರು ನೂರು ಬಗೆಯ ಹವಾಮಾನ ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ದೇಶದಲ್ಲಿಯೇ ತಯಾರಿಕೆ ಆರಂಭಿಸಿದರು. ಹೆಣ್ಣಾಗಿ ಇದನ್ನೆಲ್ಲ ಹೇಗೆ ಸಾಧಿಸಿದಿರೆಂದು ಕೇಳುವುದು ಅವರಿಗೆ ರುಚಿಸುತ್ತಿರಲಿಲ್ಲವಂತೆ. ಆದ್ದರಿಂದ ನಾವೂ ಆ ಮಾತನ್ನು ಬೆಳೆಸದೆ ಅವರ ಕೆಲಸದ ಕಡೆಗೆ ಬರುತ್ತೇವೆ.

ಉಪಕರಣವನ್ನು ತಯಾರಿಸುವುದು ಅರ್ಧ ಕೆಲಸ. ಅದು ತೋರಿಸುವ ಅಂಕಿ ಎಷ್ಟು ತಪ್ಪಿದೆ ಎಂಬುದನ್ನು ಕಂಡುಹಿಡಿಯುವುದು ಉಳಿದರ್ಧ. ಇದಕ್ಕೆ ಕ್ಯಾಲಿಬ್ರೇಶನ್ ಎಂದು ಹೆಸರು; ಅಳತೆಗೋಲನ್ನೇ ಅಳೆಯುವುದು ಎಂದು ನಾವು ತರಗತಿಯಲ್ಲಿ ಹೇಳುತ್ತೇವೆ. ಒಂದೇ ಸಮನೆ ಕಲಕುತ್ತಿರುವ ದ್ರವದ ತೊಟ್ಟಿಯಲ್ಲಿ ಹೊಸ ಉಷ್ಣಮಾಪಕಗಳನ್ನು ಪ್ರಮಾಣಭೂತ ಮಾಪಕದ ಮಗ್ಗುಲಲ್ಲಿ ನಿಲ್ಲಿಸುತ್ತಾರೆ. ದ್ರವದ ಉಷ್ಣತೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ, ಪ್ರತಿ ಮೆಟ್ಟಿಲಿನಲ್ಲಿಯೂ ಅದು ಸ್ಥಿರವಾಗುವ ತನಕ ಕಾದು, ಕಣ್ಣನ್ನು ಪಾದರಸದ ತುದಿಯ ಮಟ್ಟಕ್ಕೇ ತಂದು ಎರಡನ್ನೂ ಓದುತ್ತಾರೆ. ವ್ಯತ್ಯಾಸವನ್ನು ಆ ಮಾಪಕದ ಸಂಖ್ಯೆಯೆದುರು ಬರೆದಿಡುತ್ತಾರೆ. ಗಮನಿಸಬೇಕಾದ ಸಂಗತಿಯೆಂದರೆ, ತಪ್ಪಿರುವ ಮಾಪಕವನ್ನೆಲ್ಲ ಎಸೆಯುವುದಿಲ್ಲ. ತಪ್ಪು ಎಷ್ಟೆಂದು ಗೊತ್ತಿದ್ದರೆ, ಅದು ದಿನಕ್ಕೊಂದು ಬಗೆಯಾಗಿ ಬದಲಾಗದಿದ್ದರೆ, ಆ ಮಾಪಕ ಉಪಯೋಗಕ್ಕೆ ಬರುತ್ತದೆ. ತಪ್ಪು ಎಷ್ಟೆಂದೇ ಗೊತ್ತಿಲ್ಲದ ಮಾಪಕ, ಎಷ್ಟು ಹೊಳೆಯುತ್ತಿದ್ದರೂ, ನಿರುಪಯೋಗಿ. ತಪ್ಪು ಅಳತೆಗಿಂತ ಅಳತೆಯೇ ಇಲ್ಲದಿರುವುದು ಮೇಲೆಂಬುದು ಅನ್ನಾ ಮಣಿಯವರ ದೃಢವಾದ ನಿಲುವಾಗಿತ್ತು. ಏಕೆಂದರೆ ಅಳತೆ ಇಲ್ಲದವನು ಎಚ್ಚರದಿಂದಿರುತ್ತಾನೆ. ತಪ್ಪು ಅಳತೆಯುಳ್ಳವನು ನೆಮ್ಮದಿಯಿಂದ ಮೋಸಹೋಗುತ್ತಾನೆ.

ಈ ನಿಲುವನ್ನು ಓದಿದಾಗ ನಮಗೆ ನಾಚಿಕೆಯಾಯಿತು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆಂದು ಪಾಠದಲ್ಲಿ ಓದಿ ಪ್ರಯೋಗಾಲಯಕ್ಕೆ ಬರುತ್ತಿದ್ದ ಒಂಬತ್ತನೆಯ ಇಯತ್ತೆಯ ಮಕ್ಕಳು ಕುದಿಯುವ ನೀರಿನ ಹಬೆಯಲ್ಲಿ ಉಷ್ಣಮಾಪಕವನ್ನು ಹಿಡಿದಾಗ ಪಾದರಸ ತೊಂಬತ್ತೆಂಟೂವರೆಯ ಆಸುಪಾಸಿನಲ್ಲಿ ನಿಂತುಬಿಡುತ್ತಿತ್ತು. ಮಾಪಕ ಹಳೆಯದು, ಜರ್ನಲಿನಲ್ಲಿ 100 ಎಂದೇ ಬರೆಯಿರೆಂದು ನಾವು ವರ್ಷಾನುಗಟ್ಟಲೆ ಹೇಳಿಕೊಡುತ್ತ ಬಂದೆವು. ಒಮ್ಮೆ ಒಬ್ಬ ವಿದ್ಯಾರ್ಥಿನಿ ಕಂಡದ್ದನ್ನೇ ಬರೆದಳು. ತಿದ್ದೆಂದರೆ, ಐದು ಮಾಪಕಗಳೂ ಒಂದೇ ತೋರಿಸುತ್ತಿವೆಯಲ್ಲ, ಐದೂ ಒಂದೇ ಬಗೆಯಲ್ಲಿ ಹೇಗೆ ಕೆಟ್ಟವು ಎಂದು ಕೇಳಿದಳು. ಅಂದು ನಾವು ಪುಸ್ತಕ ತೆರೆದು ಕುಳಿತೆವು. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 450ರಿಂದ 480 ಮೀಟರ್ ಎತ್ತರದಲ್ಲಿದೆ. ಕಡಲತೀರದಲ್ಲಿ 760 ಮಿಲಿಮೀಟರ್ ಪಾದರಸದಷ್ಟಿರುವ ಗಾಳಿಯ ಒತ್ತಡ ಇಲ್ಲಿ ಸುಮಾರು 720. ಒತ್ತಡ 27 ಮಿಲಿಮೀಟರ್ ಇಳಿದರೆ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. ಲೆಕ್ಕ ಹಾಕಿದರೆ ಬರುವುದು ತೊಂಬತ್ತೆಂಟೂವರೆಯೇ. ಮಾಪಕಗಳು ಸರಿಯಾಗಿದ್ದವು, ಮಗುವೂ ಸರಿಯಾಗಿದ್ದಳು, ತಪ್ಪಿದ್ದವರು ನಾವು. ಆ ಹಿಂದಿನ ವರ್ಷಗಳ ಜರ್ನಲುಗಳಲ್ಲಿ 100 ಎಂದು ಬರೆದು ನಮ್ಮಿಂದ ಸರಿ ಎಂಬ ಗುರುತು ಪಡೆದ ಹಳೆಯ ವಿದ್ಯಾರ್ಥಿಗಳ ಕ್ಷಮೆಯನ್ನು ಈ ಪುಟದ ಮೂಲಕ ಕೇಳುತ್ತಿದ್ದೇವೆ.

ಅದರ ಮರುವರ್ಷ ಹಳೆಯ ವಿದ್ಯಾರ್ಥಿಯೊಬ್ಬರು ಪ್ಲಾಟಿನಂ ತಂತಿಯ ಸೆನ್ಸರ್ ಒಂದನ್ನು ಶಾಲೆಗೆ ಕೊಡುಗೆಯಾಗಿ ಕೊಟ್ಟರು. ಪ್ಲಾಟಿನಂ ಬಿಸಿಯಾದಂತೆ ಅದರ ವಿದ್ಯುತ್ ರೋಧ ಏರುತ್ತದೆ: 0 ಡಿಗ್ರಿಯಲ್ಲಿ 100 ಓಮ್ ಇದ್ದದ್ದು 100 ಡಿಗ್ರಿಯಲ್ಲಿ 138.5 ಓಮ್ ಆಗುತ್ತದೆ. ಶುದ್ಧ ನೀರಿನ ಮಂಜುಗಡ್ಡೆಯನ್ನು ಪುಡಿಮಾಡಿ, ಅಷ್ಟೇ ತಣ್ಣನೆಯ ನೀರಿನಿಂದ ಹದವಾಗಿ ತೋಯಿಸಿ, ಅದರ ನಡುವೆ ಸೆನ್ಸರನ್ನು ಆಳವಾಗಿ ಊರಿ ಹತ್ತು ನಿಮಿಷ ಬಿಟ್ಟೆವು. ಸೊನ್ನೆ ಬಂತು. ಮಕ್ಕಳಿಗೆ ಉತ್ಸಾಹ ಹೆಚ್ಚಿ, ಕಿಟಕಿಯಾಚೆಯ ನೆರಳಿನ ಉಷ್ಣತೆಯನ್ನು ಒಳಗೆ ಕುಳಿತೇ ಓದಬೇಕೆಂದು ಹತ್ತು ಮೀಟರ್ ತೆಳುತಂತಿಯನ್ನು ಜೋಡಿಸಿದರು. ಅಂಕಿ ಒಮ್ಮೆಲೆ ನಾಲ್ಕು ಡಿಗ್ರಿ ಏರಿತು. ಹೊರಗೆ ಬಿಸಿಲೇನೂ ಏರಿರಲಿಲ್ಲ. ಹೋಗಿಬರುವ ತಂತಿಯ ರೋಧವೂ ಪ್ಲಾಟಿನಮ್ಮಿನ ಲೆಕ್ಕಕ್ಕೆ ಸೇರಿಕೊಂಡಿತ್ತು, ಇಲ್ಲಿ 0.385 ಓಮಿಗೆ ಒಂದು ಡಿಗ್ರಿ. ಉದ್ದ ತಂತಿಯೊಡನೆ ಮತ್ತೆ ಮಂಜಿನಲ್ಲಿ ಅದ್ದಿದಾಗ ಸೊನ್ನೆಯ ಬದಲು ನಾಲ್ಕು ಕಂಡಿತು. ಹೇಗೆ ಬಳಸುತ್ತೇವೋ ಅದೇ ಜೋಡಣೆಯಲ್ಲಿ ಪರೀಕ್ಷಿಸದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ಇದು ಪುಣೆಯ ಕಾರ್ಯಶಾಲೆಯಲ್ಲಿ ನಿತ್ಯದ ಮಾತಾಗಿದ್ದಿರಬೇಕು. ನಮಗೆ ಅದು ಒಂದು ಮಧ್ಯಾಹ್ನದ ಪಾಠ.

ಮಾಪಕ ಸರಿಯಿದ್ದರೂ ಇಟ್ಟ ಸ್ಥಳ ತಪ್ಪಿದರೆ ಅಳತೆ ತಪ್ಪುತ್ತದೆ. ಬಿಸಿಲುಗೋಡೆಗೆ ತೂಗುಹಾಕಿದ ಮಾಪಕ ಗೋಡೆಯನ್ನು ಅಳೆಯುತ್ತದೆ, ಗಾಳಿಯನ್ನಲ್ಲ. ಆದಕಾರಣ ಹವಾಮಾನ ಕೇಂದ್ರಗಳಲ್ಲಿ ಜಾಲರಿಹಲಗೆಗಳ ಬಿಳಿಯ ಪೆಟ್ಟಿಗೆಯೊಳಗೆ, ಆಳೆತ್ತರಕ್ಕೆ ತುಸು ಕಡಿಮೆ ಎತ್ತರದಲ್ಲಿ, ಬಾಗಿಲು ಉತ್ತರಕ್ಕೆ ಬರುವಂತೆ ಮಾಪಕಗಳನ್ನಿಡುತ್ತಾರೆ. ಬೀದಿಯಲ್ಲಿ ನಿಂತು ಮೊಬೈಲಿನಲ್ಲಿ 47 ಡಿಗ್ರಿ ಕಂಡೆನೆನ್ನುವವರಿಗೂ 43 ಎಂದು ಬರೆದುಕೊಂಡ ಹವಾಮಾನ ಇಲಾಖೆಗೂ ನಡೆಯುವ ಜಗಳದ ಮೂಲ ಬಹುಮಟ್ಟಿಗೆ ಈ ಪೆಟ್ಟಿಗೆಯಲ್ಲಿದೆ.

1957ರ ಜುಲೈಯಿಂದ 1958ರ ಡಿಸೆಂಬರ್‌ವರೆಗೆ ಜಗತ್ತಿನ ರಾಷ್ಟ್ರಗಳೆಲ್ಲ ಸೇರಿ ಅಂತರರಾಷ್ಟ್ರೀಯ ಭೂಭೌತ ವರ್ಷವನ್ನು ಆಚರಿಸಿದಾಗ ಅನ್ನಾ ಮಣಿಯವರು ಭಾರತದಲ್ಲಿ ಸೂರ್ಯನ ವಿಕಿರಣವನ್ನು ಅಳೆಯುವ ಕೇಂದ್ರಗಳ ಜಾಲವನ್ನು ಹೆಣೆದರು. ಮೊದಲು ವಿದೇಶಿ ಉಪಕರಣಗಳಿಂದ ತೊಡಗಿ, ಬೇಗನೆ ಅವುಗಳನ್ನು ಪುಣೆಯಲ್ಲಿಯೇ ರೂಪಿಸಿದರು. ಬಿಸಿಲನ್ನು ಅಳೆಯುವ ವಿಧಾನಗಳಲ್ಲಿ ಒಂದು ಬಲು ಚೆಲುವಾದದ್ದು. ಸ್ವೀಡನ್ನಿನ ಆಂಗ್‌ಸ್ಟ್ರೋಮ್ ಕಂಡುಕೊಂಡದ್ದು. ಮಸಿ ಬಳಿದ ಎರಡು ಲೋಹದ ಪಟ್ಟಿಗಳು. ಒಂದು ಬಿಸಿಲಿಗೆ ಒಡ್ಡಿದ್ದು, ಇನ್ನೊಂದು ನೆರಳಿನಲ್ಲಿದ್ದು. ನೆರಳಿನ ಪಟ್ಟಿಗೆ ವಿದ್ಯುತ್ ಹಾಯಿಸಿ, ಎರಡರ ಹಿಂಬದಿಯ ಉಷ್ಣಸಂವೇದಕಗಳು ಒಂದೇ ಉಷ್ಣತೆಯನ್ನು ತೋರುವವರೆಗೆ ಬಿಸಿಮಾಡುತ್ತಾರೆ. ಆಗ ವಿದ್ಯುತ್ತು ಕೊಟ್ಟದ್ದೆಷ್ಟೋ ಸೂರ್ಯ ಕೊಟ್ಟದ್ದೂ ಅಷ್ಟೇ. ತಕ್ಕಡಿಯ ಒಂದು ತಟ್ಟೆಯಲ್ಲಿ ಸೂರ್ಯನನ್ನಿಟ್ಟು ತೂಗಿದಂತೆ! ಇಂಥ ಪ್ರಮಾಣಭೂತ ಉಪಕರಣವನ್ನು ಸಹ ಒಂದು ದೇಶ ತಾನೊಬ್ಬಳೇ ಸರಿಯೆಂದು ಸಾರುವಂತಿಲ್ಲ. ಸ್ವಿಟ್ಜರ್ಲೆಂಡಿನ ದಾವೋಸ್ ಎಂಬ ಬೆಟ್ಟದೂರಿನಲ್ಲಿ 1959ರಿಂದ ಸುಮಾರು ಐದು ವರ್ಷಕ್ಕೊಮ್ಮೆ ನಾನಾ ದೇಶಗಳ ಉಪಕರಣಗಳನ್ನು ಒಂದೇ ಬಿಸಿಲಿಗೆ ಒಡ್ಡಿ ತಾಳೆ ನೋಡುತ್ತಾರೆ.

ಮುಂದಿನ ವರ್ಷಗಳ ಕೆಲಸವನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಬಲೂನಿನಲ್ಲಿ ಮೇಲೇರಿ ಓಝೋನನ್ನು ಅಳೆಯುವ ಭಾರತೀಯ ಉಪಕರಣ ಅವರ ನೇತೃತ್ವದಲ್ಲಿ ಸಿದ್ಧವಾಯಿತು. 1963ರಲ್ಲಿ, ಭಾರತದ ನೆಲದಿಂದ ಮೊದಲ ರಾಕೆಟ್ ಹಾರಿದ ವರ್ಷವೇ, ವಿಕ್ರಮ ಸಾರಾಭಾಯಿಯವರ ಕೋರಿಕೆಯಂತೆ ತುಂಬಾದಲ್ಲಿ ಹವಾಮಾನ ವೀಕ್ಷಣಾಲಯವನ್ನೂ ಉಪಕರಣ ಗೋಪುರವನ್ನೂ ಸ್ಥಾಪಿಸಿದರು. 1969ರಲ್ಲಿ ದಿಲ್ಲಿಗೆ ಹೋದರು. 1976ರಲ್ಲಿ ಹವಾಮಾನ ಇಲಾಖೆಯ ಉಪಮಹಾನಿರ್ದೇಶಕರಾಗಿ ನಿವೃತ್ತರಾದರು. ಮದುವೆಯಾಗಲಿಲ್ಲ. ನಿವೃತ್ತಿಯ ಬಳಿಕ ಮರಳಿದ್ದು ಬೆಂಗಳೂರಿಗೆ, ಗುರುಗಳ ಹೆಸರಿನ ರಾಮನ್ ಸಂಶೋಧನಾ ಸಂಸ್ಥೆಗೆ. ಅಲ್ಲಿ ಮೂರು ವರ್ಷ ಸಂದರ್ಶಕ ಪ್ರಾಧ್ಯಾಪಕರಾಗಿದ್ದರು. ಭಾರತದ ಸೌರವಿಕಿರಣವನ್ನು ಕುರಿತ ಅವರ ಎರಡು ಬೃಹತ್ ಗ್ರಂಥಗಳು 1980ರ ದಶಕದ ಆರಂಭದಲ್ಲಿ ಹೊರಬಂದವು. ಸೌರಶಕ್ತಿಯೆಂಬ ಮಾತು ಇನ್ನೂ ಜನರ ಬಾಯಿಗೆ ಬಂದಿರದ ಕಾಲವದು. ಇಂದು ನಮ್ಮ ಹೊಲಗಳಲ್ಲಿ ಸೌರ ಪಂಪುಗಳು ನಿಂತಿವೆ. ಯಾವ ಊರಿನಲ್ಲಿ ಯಾವ ತಿಂಗಳು ಎಷ್ಟು ಬಿಸಿಲು ದೊರೆತೀತೆಂಬ ಲೆಕ್ಕ ದೇಶಕ್ಕೆ ಮೊದಲು ಸಿಕ್ಕಿದ್ದು ಆ ಗ್ರಂಥಗಳಿಂದ. ಬೆಂಗಳೂರಿನಲ್ಲಿಯೇ ಅವರು ಗಾಳಿಯ ವೇಗವನ್ನೂ ಬಿಸಿಲನ್ನೂ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆಯೊಂದನ್ನು ನಡೆಸಿದರು. ಪವನವಿದ್ಯುತ್ತಿಗೆ ತಕ್ಕ ಸ್ಥಳಗಳನ್ನು ಹುಡುಕುವ ಸಲುವಾಗಿ ದೇಶದ ನೂರಾರು ಕಡೆ ಗಾಳಿಯನ್ನು ಅಳೆಯಿಸಿದರು. 1987ರಲ್ಲಿ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಕೆ. ಆರ್. ರಾಮನಾಥನ್ ಪದಕ ಅವರಿಗೆ ಸಂದಿತು.

1994ರಲ್ಲಿ ಪಾರ್ಶ್ವವಾಯು ಬಡಿದು ಅವರ ಓಡಾಟ ನಿಂತಿತು. 2001ರ ಆಗಸ್ಟ್ 16ರಂದು, ಎಂಬತ್ತಮೂರು ತುಂಬಲು ಒಂದು ವಾರವಿರುವಾಗ, ತಿರುವನಂತಪುರದಲ್ಲಿ ತೀರಿಕೊಂಡರು. ಪದವಿ ದೊರೆಯದ ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಇತರರ ಪ್ರಬಂಧಗಳ ಜೊತೆಯಲ್ಲಿಯೇ ಇದೆ. ನಮ್ಮ ಪ್ರಯೋಗಾಲಯದ ಗೋಡೆಯ ಮೇಲೆ ಈ ವರ್ಷ ಒಂದು ಭಾವಚಿತ್ರ ಹೆಚ್ಚಾಗಿದೆ. ಅದರ ಕೆಳಗಿನ ಕಪಾಟಿನಲ್ಲಿರುವ ಒಂದೊಂದು ಉಷ್ಣಮಾಪಕದ ಕೊರಳಿಗೂ ಈಗ ಒಂದು ಚೀಟಿ ಕಟ್ಟಿದೆ. ಮಂಜಿನಲ್ಲಿ ಎಷ್ಟು, ಹಬೆಯಲ್ಲಿ ಎಷ್ಟು, ಅಂದಿನ ಒತ್ತಡ ಎಷ್ಟು, ಓದಿದವರು ಯಾರು ಎಂಬುದನ್ನು ಮಕ್ಕಳೇ ಅದರಲ್ಲಿ ಬರೆದಿದ್ದಾರೆ.